ಎಚ್ಚರವಿದ್ದ ಬೂಜೆಮಾ

ವರ್ಷದ ಹತ್ತು ತಿಂಗಳು ಗಾಳಿ ಬೀಸುವ ಸ್ವೀರಾದ ಬಂದರಿನಲ್ಲಿ, ಮೀನುಗಾರರೆಲ್ಲ ಕಿವಿ ಮುಚ್ಚುವಂತೆ ಟೊಪ್ಪಿ ಎಳೆದು ಗಂಟಲ ತನಕ ಗುಂಡಿ ಬಿಗಿದು ನಡೆಯುವ ದಕ್ಕೆಯ ಮೇಲೆ, ಒಬ್ಬನ ಕೋಟು ಮಾತ್ರ ಸದಾ ತೆರೆದೇ ಇರುತ್ತಿತ್ತು. ಯಾವುದೋ ಸ್ಪೇನ್ ಹಡಗಿನವನಿಂದ ಕೈಗೆ ಬಂದ ದಪ್ಪ ಉಣ್ಣೆಯ ನೀಲಿ ಕೋಟು ಅದು. ಎಂಟು ಹಿತ್ತಾಳೆ ಗುಂಡಿಗಳಲ್ಲಿ ಒಂದೂ ಕಳಚಿರಲಿಲ್ಲ. ಎದುರಿನ ಕಾಜಗಳು ಹತ್ತು ವರ್ಷದ ಮೇಲೂ ಹೊಸದಾಗಿ ಹೊಲಿದಂತೆ ಬಿಗಿಯಾಗಿದ್ದವು. ಗಾಳಿಗೆ ಎರಡು ಬದಿಯೂ ಬೆನ್ನ ಹಿಂದೆ ಹಾರಾಡುತ್ತಿದ್ದರೆ, ತೆಳುವಾದ ಅಂಗಿಯ ಎದೆಯನ್ನು ಮುಂದೆ ಚಾಚಿ, ಈಗಷ್ಟೇ ಕುರ್ಚಿಯಿಂದ ಏಳಹೊರಟವನ ಭಂಗಿಯಲ್ಲಿಯೇ ಹೆಜ್ಜೆ ಹಾಕುತ್ತ ಬೂಜೆಮಾ ದೋಣಿಕಟ್ಟೆಗೆ ಬರುತ್ತಿದ್ದ.

"ಗುಂಡಿ ಹಾಕ್ಕೊಳ್ಳೋ ಮಾರಾಯ," ಎಂದು ಚಹಾದಂಗಡಿಯ ಕಟ್ಟೆಯಿಂದ ಯಾರಾದರೂ ಕೂಗುತ್ತಿದ್ದರು. "ಗಾಳಿ ನಿನ್ನ ಕ್ಯಾನರಿ ದ್ವೀಪಕ್ಕೆ ಎತ್ಕೊಂಡು ಹೋದೀತು, ವೀಸಾನೂ ಇಲ್ದೆ."

"ಹೋದ್ರೆ ಹೋಗ್ಲಿ ಬಿಡು. ಅಲ್ಲೇನು ದೋಣಿ ಸೋರಲ್ವಾ?" ಎನ್ನುತ್ತಿದ್ದ ಅವನು, ನಿಲ್ಲದೆ.

ನಾನು ಆ ಊರಿನ ಶಾಲೆಗೆ ಅರಬ್ಬಿ ಮೇಷ್ಟರಾಗಿ ವರ್ಗವಾಗಿ ಬಂದಾಗ ಅವನಿಗೆ ನಲವತ್ತರ ಮೇಲೆ ವಯಸ್ಸಾಗಿತ್ತು. ಮರದ ದೋಣಿಗಳ ಹಲಗೆಗಳ ಸಂದಿಗೆ ಹತ್ತಿಯ ಹುರಿ ತುರುಕಿ, ಉಳಿಯಿಂದ ಬಡಿದು, ಮೇಲೆ ಡಾಂಬರು ಬಳಿದು ನೀರು ನುಗ್ಗದಂತೆ ಮಾಡುವುದು ಅವನ ಕಸುಬು. ಆ ಕಸುಬಿನವರು ಬಂದರಿನಲ್ಲಿ ಏಳೆಂಟು ಮಂದಿಯಿದ್ದರೂ ಬೂಜೆಮಾನ ಕಿವಿಯಂಥ ಕಿವಿ ಇನ್ನೊಬ್ಬರಿಗಿರಲಿಲ್ಲ. ದೋಣಿಯ ಒಡಲಿಗೆ ಕೆನ್ನೆಯಾನಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ, ಒಂದು ಕಡೆ ನಿಂತು, ಸೀಮೆಸುಣ್ಣದಿಂದ ಗೆರೆಯೆಳೆದು, "ಇಲ್ಲಿ ಟೊಳ್ಳಿದೆ. ಕಿವಿ ಹೇಳ್ತು," ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅಲ್ಲಿ ಮರ ಕೊಳೆತಿರುತ್ತಿತ್ತು. ಯಾವ ವಿಷಯಕ್ಕೂ ಅವನಲ್ಲಿ ಇದೇ ಮಾತು. ನಾಳೆ ಸಮುದ್ರ ಏಳುತ್ತದೆ, ಕಿವಿ ಹೇಳ್ತು. ಅಂಗಡಿಯವನು ಹೆಂಡತಿಯ ಹತ್ತಿರ ಜಗಳವಾಡಿ ಬಂದಿದ್ದಾನೆ, ಕಿವಿ ಹೇಳ್ತು. ತನ್ನ ಬಗ್ಗೆ ಬೇರಾವ ಹೆಮ್ಮೆಯೂ ಇರದಿದ್ದ ಆ ಮನುಷ್ಯನಿಗೆ ಆ ಎರಡು ಕಿವಿಗಳೇ ಆಸ್ತಿ, ಅವೇ ಸಾಕ್ಷಿ.

ಇನ್ನೊಂದು ಅಭ್ಯಾಸವಿತ್ತು. ಮಾತನಾಡುವಾಗ, ಸುಮ್ಮನಿರುವಾಗ, ಚಹಾದ ಲೋಟ ಆರಲೆಂದು ಕಾಯುವಾಗ, ಅವನ ಬಲಗೈ ಹೆಬ್ಬೆರಳು ಕಿರುಬೆರಳಿನಿಂದ ಮೊದಲುಗೊಂಡು ನಾಲ್ಕೂ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಬರುತ್ತಿತ್ತು. ಜಪಮಣಿಯಿಲ್ಲದೆಯೇ ದೇವರ ನಾಮ ಹೇಳಿಕೊಳ್ಳುವ ಭಕ್ತನೆಂದು ನಾನು ಎರಡು ವರ್ಷ ತಿಳಿದಿದ್ದೆ. ಒಮ್ಮೆ ಹಾಗೆಯೇ ಅಂದೆ ಕೂಡ.

"ಜಪ ಅಲ್ಲ ಉಸ್ತಾದ್," ಎಂದ. "ಅಲ್ಲಾಡ್ತಾವಾ ಅಂತ ನೋಡ್ಕೋತೀನಿ."

ಮಧ್ಯಾಹ್ನದ ಊಟದ ಬಿಡುವು. ರಿಪೇರಿಗೆಂದು ದಡಕ್ಕೆಳೆದ ಸಾರ್ಡೀನ್ ದೋಣಿಯ ನೆರಳಿನಲ್ಲಿ ನಾವಿಬ್ಬರೇ ಕುಳಿತಿದ್ದೆವು. ನಾನು ಕೇಳಿದೆನೆಂದಲ್ಲ, ಅವನಾಗಿಯೇ ಆ ಬೆರಳುಗಳ ಕಾರಣವನ್ನು ಹೇಳತೊಡಗಿದ.

ಚಿಕ್ಕಂದಿನಿಂದಲೂ ಅವನಿಗೆ ಅದಿತ್ತಂತೆ. ನಿದ್ದೆಯಿಂದ ಕಣ್ಣು ತೆರೆದರೆ ಮಾಡಿನ ತೊಲೆಗಳು ಕಾಣುತ್ತವೆ, ಬೀದಿಯ ಸದ್ದು ಕೇಳುತ್ತದೆ, ಆದರೆ ಮೈಯೆಂಬುದು ಕಲ್ಲು. ಎದೆಯ ಮೇಲೆ ಯಾರೋ ಕುಕ್ಕರಗಾಲಿನಲ್ಲಿ ಕೂತ ಭಾರ. ಉಸಿರು ಗಂಟಲಲ್ಲೇ ತಡೆದು ನಿಂತಿರುತ್ತದೆ. ನಮ್ಮ ಕಡೆ ಅದಕ್ಕೆ ಬೂಘತ್ತಾತ್ ಎನ್ನುತ್ತಾರೆ, ಕವುಚಿ ಮುಚ್ಚುವವನು ಎಂದು. ಅವನು ಬಂದು ಹೋದ ಕಥೆ ಪ್ರತಿ ಮನೆಯಲ್ಲೂ ಒಂದಿದೆ. ಬೆಳಿಗ್ಗೆ ರೊಟ್ಟಿಯ ಜೊತೆಗೆ ಹೇಳಿಕೊಂಡು ನಗುತ್ತಾರೆ. ಬೂಜೆಮಾನೂ ಮದುವೆಯಾದ ಹೊಸದರಲ್ಲಿ ಹೆಂಡತಿ ಇಜ್ಜಾಳಿಗೆ ಹೇಳಿ ನಕ್ಕಿದ್ದ. "ನನ್ನ ಬಿಟ್ಟು ಇನ್ಯಾರನ್ನೋ ಎದೆ ಮೇಲೆ ಕೂರಿಸ್ಕೋತೀಯಾ?" ಎಂದು ಅವಳೂ ಹಾಸ್ಯ ಮಾಡಿದ್ದಳು.

ಹತ್ತು ತಿಂಗಳ ಮಗಳಿದ್ದಳು, ಹನಿಯಾ. ಅಂಬೆಗಾಲಿಡುತ್ತಿದ್ದಳು, ಅಮ್ಮನನ್ನು 'ಇಮ್ಮಾ' ಎಂದು ಕರೆಯಲು ಆಗಷ್ಟೇ ಕಲಿತಿದ್ದಳು. ಒಂದು ಶುಕ್ರವಾರ, ಪ್ರಾರ್ಥನೆ ಮುಗಿದು, ಏಳು ತರಕಾರಿಯ ಕುಸ್‌ಕುಸ್ ಉಂಡಾದ ಮೇಲೆ ಇಜ್ಜಾ ತನ್ನ ತಾಯಿಯೊಡನೆ ಬೀದಿಯ ಸಾರ್ವಜನಿಕ ಸ್ನಾನದ ಮನೆಗೆ ಹೋದಳು. ನಿದ್ದೆ ಹೋಗಿದ್ದ ಮಗುವಿನ ಪಕ್ಕದಲ್ಲಿ ಬೂಜೆಮಾ ಕುರಿಯುಣ್ಣೆಯ ಹಾಸಿಗೆಯ ಮೇಲೆ ಅಂಗಾತ ಮಲಗಿದ. ವಾರವೆಲ್ಲ ಉಳಿ ಬಡಿದ ಮೈ. ಕಣ್ಣು ತೆರೆದಾಗ ಕಿಟಕಿಯ ಬಿಸಿಲು ಗೋಡೆಯ ಅರ್ಧಕ್ಕೇರಿತ್ತು. ಕೆಳಗೆ ಬೀದಿಯಲ್ಲಿ ಪುದೀನ ಮಾರುವವನು ಕೂಗುತ್ತಿದ್ದ. ಕಡಲಹಕ್ಕಿಗಳು ಮಾಡಿನ ಮೇಲೆ ಜಗಳವಾಡುತ್ತಿದ್ದವು. ಎದೆಯ ಮೇಲೆ ಆ ಭಾರ. ಎಡಗಡೆಯಿಂದ ಒಂದು ಸಣ್ಣ ಸದ್ದು ಬಂತು. ಹುರಿ ಸರಿಯಾಗಿ ಕೂರದ ಸಂದಿಯಿಂದ ಗಾಳಿ ಎಳೆದಂತೆ, ತಡೆದು, ಮತ್ತೆ ಎಳೆದಂತೆ. ಮಗುವಿನ ಉಸಿರು ಸಿಕ್ಕಿಕೊಂಡಿದೆ ಎಂದು ಅವನಿಗೆ ತಕ್ಷಣ ಗೊತ್ತಾಯಿತು. ಗೊತ್ತಾದದ್ದೇ ತನ್ನ ದುರದೃಷ್ಟ ಎಂದ ಅವನು. ಎದ್ದೇಳಲು ನೋಡಿದ, ಆಗಲಿಲ್ಲ. ಕೂಗಲು ನೋಡಿದ. ಕಡೆಗೆ, ಒಂದು ಬೆರಳು ಅಲ್ಲಾಡಿದರೆ ಉಳಿದ ಮೈ ಕಳಚಿಕೊಳ್ಳುತ್ತದೆಂದು ಅಜ್ಜಿ ಹೇಳಿದ್ದು ನೆನಪಾಗಿ, ಬಲಗೈ ಕಿರುಬೆರಳೊಂದರಲ್ಲಿ ಪ್ರಾಣವನ್ನೆಲ್ಲ ಇಟ್ಟು ಎಳೆದ. ಪುದೀನ ಮಾರುವವನು ಬೀದಿಯ ತಿರುವಿನಾಚೆ ಹೋದದ್ದು ಕೇಳಿಸಿತು. ಬೆರಳು ಅಲ್ಲಾಡಿದಾಗ ಎಡಗಡೆ ಸದ್ದಿರಲಿಲ್ಲ.

ಊಟದ ವೇಳೆ ಹಾಸಿನ ಮೇಲೆ ಬಿದ್ದಿದ್ದ ಒಂದು ಕಡಲೆಕಾಳನ್ನು ನಿದ್ದೆಯಿಂದೆದ್ದ ಮಗು ಬಾಯಿಗಿಟ್ಟುಕೊಂಡಿತ್ತು; ಅದು ಗಂಟಲಿಗೆ ಹೋಗಿತ್ತು. ಯಾರ ಕೈಯಿಂದ ಬಿದ್ದದ್ದೋ.

ಮೂರನೆಯ ದಿನ, ನೆರೆಯವರೆಲ್ಲ ಹೋದ ಮೇಲೆ, ಇಜ್ಜಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಅವನನ್ನು ಕೇಳಿದಳು.

"ನಿದ್ದೆ ಬಂದಿತ್ತಾ?"

"ಇಲ್ಲ. ಎಚ್ಚರ ಇತ್ತು."

"ಕೇಳಿಸ್ತಾ?"

"ಕೇಳಿಸ್ತು."

"ಮತ್ತೆ?"

ಬೂಘತ್ತಾತ್ ಎಂದು ಅವನು ಹೇಳಲಿಲ್ಲ. ಅವಳ ತಾಯಿಯೇ ಮೂಲೆಯಿಂದ ಹೇಳಿದಳು. "ಅವನು ಎಲ್ಲರ ಮನೆಗೂ ಬರ್ತಾನಲ್ಲಮ್ಮ," ಎಂದಳು ಇಜ್ಜಾ, ಗಂಡನ ಮುಖದಿಂದ ಕಣ್ಣು ತೆಗೆಯದೆ, "ಯಾರ ಮಗೂನೂ ಸಾಯಲ್ಲ." ನಲವತ್ತು ದಿನ ಕಳೆದ ಮೇಲೆ ಅವಳು ಅಗಾದಿರದ ಅಣ್ಣನ ಮನೆಗೆ ಹೋದಳು, ಅಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ತಲಾಖ್ ಕೇಳಲಿಲ್ಲ. ಅವನು ಹಬ್ಬಕ್ಕೊಮ್ಮೆ ಕಳಿಸುವ ಅರ್ಗಾನ್ ಬೀಜದ ಎಣ್ಣೆಯ ಶೀಶೆಯನ್ನು ಹಿಂದಕ್ಕೂ ಕಳಿಸಲಿಲ್ಲ.

ಬೂಜೆಮಾ ಅಂದಿನಿಂದ ಮೈ ಚಾಚಿ ಮಲಗಲಿಲ್ಲ. ಗೋಡೆಗೊರಗಿ, ಕಂಬಕ್ಕೊರಗಿ, ಚಹಾದಂಗಡಿಯ ಕುರ್ಚಿಯಲ್ಲಿ, ಕೂತಲ್ಲೇ ತೂಕಡಿಸಿ ಹನ್ನೆರಡು ವರ್ಷ ಕಳೆದ. ಎದೆಯ ಮೇಲೆ ಕೋಟಿನ ಎರಡು ಪದರ ಸೇರಿದರೂ ಅವನಿಗೆ ಉಸಿರು ಹಿಡಿಯುತ್ತಿತ್ತು. ತಾಯತ ಕಟ್ಟಿಸಿದ್ದಾಯಿತು, ಒರಗುದಿಂಬಿನಡಿ ಚೂರಿ ಇಟ್ಟದ್ದಾಯಿತು, ಬೆಟ್ಟದ ಮೇಲಿನ ಸಂತನ ಗೋರಿಯ ಹೊಸ್ತಿಲಲ್ಲಿ ಮೂರು ದಿನ ಕೂತದ್ದಾಯಿತು. ಕವುಚುವವನು ಕೂತವನನ್ನೂ ಹುಡುಕಿಕೊಂಡು ಬರುತ್ತಲೇ ಇದ್ದ.

ಅವನನ್ನು ಮರ‍್ರಾಕೆಶಿನ ವೈದ್ಯರ ಬಳಿಗೆ ಕರೆದುಕೊಂಡು ಹೋದವನು ನಾನು. ಓದಿದವನ ಹುಂಬತನ, ಹೆಸರಿಟ್ಟರೆ ನೋವು ಕಡಮೆಯಾಗುತ್ತದೆಂದು ನಂಬಿದ್ದ ಕಾಲ ಅದು. ವೈದ್ಯೆ ಚಿಕ್ಕ ವಯಸ್ಸಿನವಳು, ಸೌಮ್ಯ ಸ್ವಭಾವದವಳು, ಆತುರವಿಲ್ಲದವಳು. ಕನಸು ಕಾಣುವ ಹೊತ್ತಿನಲ್ಲಿ ಮೆದುಳು ಕೈಕಾಲುಗಳಿಗೆ ಬೀಗ ಹಾಕುತ್ತದೆ, ಇಲ್ಲವಾದರೆ ಕನಸಿನಲ್ಲಿ ಓಡುವವನು ನಿಜವಾಗಿಯೂ ಎದ್ದು ಓಡಿಯಾನು. ಕೆಲವರಲ್ಲಿ ಎಚ್ಚರ ಮೊದಲು ಬರುತ್ತದೆ, ಬೀಗ ತೆರೆಯುವುದು ತಡವಾಗುತ್ತದೆ, ಎಂದಳು. ನಿದ್ದೆಗೆಟ್ಟಷ್ಟೂ ಅದು ಹೆಚ್ಚು. ಅಂಗಾತ ಮಲಗಿದರೆ ಇನ್ನೂ ಹೆಚ್ಚು.

"ಹಾಗಾದ್ರೆ ಅದು ನಿಜಾನೇ?" ಎಂದು ಕೇಳಿದ ಬೂಜೆಮಾ. "ಎಚ್ಚರ ಇದ್ದೂ ಮೈ ಏಳದೇ ಇರೋದು?"

"ನಿಜವೇ ಬಾ. ನಿಮ್ಮ ತಪ್ಪೇನೂ ಇಲ್ಲ."

ತಂದೆಗೆ ಸಲ್ಲುವ ಆ 'ಬಾ' ಎಂಬ ಕರೆ ಅವನ ಮುಖವನ್ನು ಸಡಿಲಿಸಿತು. ಹನ್ನೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಯಾರೋ ಅವನ ಮಾತನ್ನು ಒಪ್ಪಿದ್ದರು. ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಡಿ, ಮನೆಯವಳಿಗೆ ತೋರಿಸಬೇಕು, ಎಂದ. ಅವಳು ಬರೆಯುತ್ತ, ಸಮಾಧಾನ ಹೇಳುವ ಉದ್ದೇಶದಿಂದಲೇ ಇನ್ನೊಂದು ಮಾತು ಸೇರಿಸಿದಳು. ಆ ಹೊತ್ತಿನಲ್ಲಿ ಕಾಣುವುದು, ಕೇಳುವುದು, ಹೆಜ್ಜೆಯ ಸದ್ದು, ಎದೆಯ ಭಾರ, ಯಾರೋ ಕರೆದಂತಾಗುವುದು, ಇವು ಅರ್ಧ ಕನಸೇ. ಕಣ್ಣು ತೆರೆದಿದ್ದರೂ ಕನಸು ಒಳಗೆ ಸುರಿಯುತ್ತಿರುತ್ತದೆ, ಅದನ್ನೆಲ್ಲ ನಂಬಬೇಕಾಗಿಲ್ಲ.

ಅವನ ಹೆಬ್ಬೆರಳು ಬೆರಳುಗಳ ಮೇಲೆ ಓಡುತ್ತಿದ್ದುದು ನಿಂತಿತು.

"ಅಂದ್ರೆ ಮಗೂ ಸದ್ದು?"

ವೈದ್ಯೆ ಪೆನ್ನು ಕೆಳಗಿಟ್ಟಳು. ಆಮೇಲೆ, "ಅದನ್ನ ನಾನು ಹೇಳೋಕಾಗಲ್ಲ," ಎಂದಳು.

ವಾಪಸು ಬರುವಾಗ ಬಸ್ಸು ದಾರಿಯ ಶಿಶಾವಾ ಪೇಟೆಯನ್ನು ದಾಟಿತು. ನಂತರ ಅವನು ಕಿಟಕಿಯ ಕಡೆಗೇ ಹೇಳಿದ: "ಕೇಳಿಸಿದ್ದು ನಿಜ ಆದ್ರೆ, ಅವಳು ಸಾಯೋದನ್ನ ಕೇಳ್ತಾ ಬಿದ್ದಿದ್ದೆ. ಸುಳ್ಳಾದ್ರೆ, ಅದೂ ಕೇಳಿಸಿರ್ಲಿಲ್ಲ ನಂಗೆ. ಯಾವ್ದು ಬೇಕು ಅಂತ ಆರಿಸ್ಕೊಳ್ಳಲಿ ಉಸ್ತಾದ್?" ಆ ವಾರದಿಂದ ದೋಣಿಕಟ್ಟೆಯಲ್ಲಿ 'ಕಿವಿ ಹೇಳ್ತು' ಎಂಬ ಮಾತು ಮತ್ತೆ ಕೇಳಿಬರಲಿಲ್ಲ. ತಾನು ತಟ್ಟಿ ನೋಡಿದ ಹಲಗೆಯನ್ನು ಇನ್ನೊಬ್ಬನನ್ನು ಕರೆದು ತಟ್ಟಿಸುತ್ತಿದ್ದ. ಹತ್ತು ವರ್ಷ ತನ್ನ ಕೈಕೆಳಗೆ ಕಲಿತವರ ಮುಂದೆ ಸುಮ್ಮನೆ ನಿಂತು ಅವರ ತೀರ್ಪಿಗೆ ಕಾಯುತ್ತಿದ್ದ.

ಆದರೂ ಕಾಗದ ಇಜ್ಜಾಳಿಗೆ ತಲುಪಬೇಕೆಂದು ಅವನ ಹಠ. ಓದಿ ಹೇಳಲು ನಾನು ಜೊತೆಗೆ ಹೋದೆ. ಅಗಾದಿರದಲ್ಲಿ ಅವಳ ಅಣ್ಣನ ಮನೆಯ ಮೇಲುಮಾಡಿನ ಕೋಣೆ, ಮಧ್ಯಾಹ್ನದ ಚಹಾ. ಇಜ್ಜಾ ಗಟ್ಟಿಮುಟ್ಟಾದ ಹೆಂಗಸು, ಮೀನಿನ ಉಪ್ಪಿಗೆ ಬೆರಳ ತುದಿಗಳು ಬಿರಿದಿದ್ದವು. ನಾನು ಕಾಗದ ಬಿಡಿಸುತ್ತಿದ್ದಂತೆಯೇ ಕೈಯೆತ್ತಿ ತಡೆದಳು.

"ಓದೋದು ಬೇಡ ಉಸ್ತಾದ್. ಇವನು ಸುಳ್ಳು ಹೇಳೋನಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತು. ನಂಬಿದ್ದಕ್ಕೇ ಬಿಟ್ಟು ಬಂದೆ. ಎಚ್ಚರ ಇದ್ದೋನ ಮುಖ ದಿನಾ ಹೆಂಗೆ ನೋಡೋದು?" ಗಂಡನ ಕಡೆ ತಿರುಗಿದಳು. "ಒಂದೇ ಒಂದು ಕೇಳ್ತೀನಿ. ಹನ್ನೆರಡು ವರ್ಷದಿಂದ ಕೇಳ್ಬೇಕು ಅಂತಿದ್ದೆ. ಅವಳು ನನ್ನ ಕರೆದ್ಲಾ? ಇಮ್ಮಾ ಅಂದ್ಲಾ?"

ಬೂಜೆಮಾ ತನ್ನ ಲೋಟವನ್ನು ಚಹಾದ ತಟ್ಟೆಯ ಮೇಲಿಟ್ಟ. ಸತ್ಯವೆಂದರೇನೆಂದು ಈಗ ಅವನಿಗೇ ಗೊತ್ತಿರಲಿಲ್ಲ; ಆದರೆ ಅವಳಿಗೇನು ಬೇಕೆಂದು ತನಗೆ ಗೊತ್ತೆಂದು ಅವನು ಭಾವಿಸಿದ. ನಾನೂ ಹಾಗೆಯೇ ಭಾವಿಸಿದೆ.

"ಇಲ್ಲ," ಎಂದ. "ನಂಗೇನೂ ಕೇಳಿಸ್ಲೇ ಇಲ್ಲ ಇಜ್ಜಾ. ನಿದ್ದೆ ಹೋಗ್ಬಿಟ್ಟಿದ್ದೆ. ಎಚ್ಚರ ಇತ್ತು ಅಂದಿದ್ದು ಸುಳ್ಳು. ನಾಚ್ಕೆಯಾಗಿ ಹೇಳ್ಬಿಟ್ಟೆ."

"ನಿದ್ದೆ ಹೋಗಿದ್ದಾ?"

"ಹೋಗಿದ್ದೆ."

ಅವಳ ಮುಖ ಸಡಿಲವಾಗಬಹುದೆಂದು ನಾನು ಕಾಯುತ್ತಿದ್ದೆ. ಅವಳು ನೆಲಕ್ಕೆ ಕೈಯೂರಿ ಮೆಲ್ಲಗೆ ಹಿಂದೆ ಸರಿದು ಗೋಡೆಗೊರಗಿದಳು.

"ಹಂಗಾದ್ರೆ ಅವಳು ಒಬ್ಬಳೇ ಇದ್ಲು," ಎಂದಳು. "ನೀನು ಕೇಳಿಸ್ಕೊಂಡೆಯಲ್ಲ ಅನ್ನೋದೊಂದಿತ್ತು ನಂಗೆ. ಯಾರೋ ಒಬ್ರು ಕೇಳಿಸ್ಕೊಂಡ್ರಲ್ಲ ಅನ್ನೋದು. ಅದೂ ಇಲ್ವಾ?"

ಬೂಜೆಮಾ ಈಗ ಯಾವ ಮಾತು ಹೇಳಿದರೂ ಅವಳು ನಂಬುವಂತಿರಲಿಲ್ಲ. ಸುಳ್ಳು ಹೇಳದವನೆಂಬ ಹೆಸರನ್ನು ಅವನು ಈಗಷ್ಟೇ ಅವಳೆದುರಿಗೇ ಕಳೆದುಕೊಂಡಿದ್ದ. ನಾವು ಮೆಟ್ಟಿಲಿಳಿದು ಬಂದೆವು. ಆ ವರ್ಷದ ಹಬ್ಬಕ್ಕೆ ಎಣ್ಣೆಯ ಶೀಶೆ ಬಾಯಿ ಬಿಚ್ಚದೆ ಹಿಂದಕ್ಕೆ ಬಂತು.

ನನಗೆ ಮೆಕ್ನೆಸ್‌ಗೆ ವರ್ಗವಾಗುವ ಮುಂಚೆ ಕೊನೆಯ ಬಾರಿ ಅವನ ಮನೆಗೆ ಹೋದದ್ದು ಒಂದು ಶುಕ್ರವಾರ, ಊಟದ ನಂತರದ ಹೊತ್ತು. ಬಾಗಿಲು ಅರೆ ತೆರೆದಿತ್ತು. ಅವನು ಕುರಿಯುಣ್ಣೆಯ ಹಾಸಿಗೆಯ ಮೇಲೆ ಅಂಗಾತ, ನೇರವಾಗಿ, ಎರಡೂ ಕೈಗಳನ್ನು ಮೈಗಂಟಿಸಿ ಮಲಗಿದ್ದ. ಎಡಗಡೆ ಒಂದು ಮೊಳದಷ್ಟು ಜಾಗ ಬಿಟ್ಟಿದ್ದ. ನಾನು ಗಾಬರಿಯಿಂದ ಭುಜ ಹಿಡಿದು ಅಲುಗಿಸಿದೆ. ಎದ್ದು ಕೂತು, ಮುಖ ಒರೆಸಿಕೊಂಡು, ಬಂದ ಅತಿಥಿಗೆ ಚಹಾಕ್ಕೆ ನೀರಿಡಲು ಹೊರಟ.

"ಯಾಕೆ ಹೀಗೆ ಬೂಜೆಮಾ? ಅಂಗಾತ ಮಲಗಬೇಡಿ ಅಂದಿದ್ದರಲ್ಲ ಆ ಡಾಕ್ಟರು?"

"ಅದಕ್ಕೇ ಮಲಗೋದು. ಅವನು ಬರ್ಲಿ ಅಂತ. ಇನ್ನೊಂದ್ಸಲ ಕೇಳಿಸಿದ್ರೆ ನಿಜಾನೋ ಸುಳ್ಳೋ ಗೊತ್ತಾಗ್ತಿತ್ತು." ಒಲೆ ಹಚ್ಚಿದ. "ಬರ್ತಾನೆ. ಎದೆ ಮೇಲೆ ಕೂರ್ತಾನೆ. ಎಲ್ಲಾ ಕೇಳ್ಸುತ್ತೆ, ಹಕ್ಕಿ, ಗಾಳಿ, ಬೀದೀಲಿ ಹೋಗೋರು. ಅವಳದೊಂದೇ ಕೇಳ್ಸಲ್ಲ."

ಚಹಾ ಕುಡಿದು ಎದ್ದೆ.

ಇಂಥವರನ್ನು ಆಮೇಲೆ ಬೇರೆ ಊರುಗಳಲ್ಲಿಯೂ ಕಂಡಿದ್ದೇನೆ. ತಮ್ಮನ ದೋಣಿ ಮಗುಚುವುದನ್ನು ದಡದಲ್ಲಿ ನಿಂತು ನೋಡಿದವನು, ಪಕ್ಕದ ಮನೆಯ ಹೆಂಗಸಿನ ಕೂಗು ಕೇಳಿಯೂ ಕಾಲು ಕೀಳಲಾರದೆ ಹೋದವಳು. ಕೈಯಾರೆ ಕೇಡು ಮಾಡಿದವನಿಗೆ ಲೋಕದಲ್ಲಿ ಶಿಕ್ಷೆಯಿದೆ. ಏನೂ ಅರಿಯದೆ ನಿದ್ದೆ ಹೋದವನಿಗೆ ಕ್ಷಮೆಯಿದೆ. ಎಲ್ಲವನ್ನೂ ಅರಿತು ಬೆರಳೊಂದನ್ನೂ ಎತ್ತಲಾರದೆ ಹೋದವನಿಗೆ ಎರಡೂ ಇಲ್ಲ. ಯಾರಾದರೂ ತಮ್ಮನ್ನು ನಂಬಿದರೆ ಸಾಕೆಂದು ಇವರು ಬದುಕಿಡೀ ಕಾಯುತ್ತಾರೆ. ನಂಬುವವರು ಸಿಗುವುದೇ ಇಲ್ಲವೆಂದಲ್ಲ. ನಂಬಿದವರು ಅವರ ಪಕ್ಕದಲ್ಲಿ ಕೂತಿರಲಾರರು. ನಾನೂ ಆ ಶುಕ್ರವಾರದ ಮರುದಿನ ಬೆಳಗಿನ ಮೆಕ್ನೆಸ್ ಬಸ್ಸು ಹಿಡಿದೆ.