ಜೀಪಿನವರಿಗೆ ಹೇಳಿದ ಹೆಸರು

ನನ್ನ ಹೆಸರು ಚಿಕ್ಕಬೊಮ್ಮ. ಹೆಗ್ಗಡದೇವನಕೋಟೆ ಕಾಡಂಚಿನ ನಮ್ಮ ಬುಡಕಟ್ಟಿನ ಹಾಡಿಗೆ ಜೀಪು ಬಂದರೆ ನಾಯಿಗಳಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಯಾರನ್ನೂ ನಂಬುವ ಆಸಾಮಿಯಲ್ಲ ನಾನು. ಹಿಂದೊಮ್ಮೆ ಜೀಪಿನಲ್ಲಿ ಬಂದವರಿಗೆ ನಮ್ಮಪ್ಪ ಹೆಸರು ಹೇಳಿ ಹೆಬ್ಬೆಟ್ಟು ಒತ್ತಿದ್ದೇ ಒತ್ತಿದ್ದು, ಮೂರನೇ ತಿಂಗಳಿಗೆ ಕಾಡಿನೊಳಗಿದ್ದ ನಮ್ಮ ಗುಡಿಸಲುಗಳನ್ನು ಕಿತ್ತು ಇಲ್ಲಿಗೆ ತಂದು ಹಾಕಿದರು. ಅಂದಿನಿಂದ ಹಾಡಿಯಲ್ಲಿ ಒಂದು ಕಟ್ಟಳೆ. ಹೊರಗಿನವರು ಹೆಸರು ಕೇಳಿದರೆ ಪಕ್ಕದ ಗುಡಿಸಲಿನವರ ಹೆಸರು ಹೇಳಬೇಕು. ರೇಷನ್ ಕಾರ್ಡಿಗೆ ಮಾತ್ರ ವಿನಾಯಿತಿ, ಅಕ್ಕಿ ಬೇಕಲ್ಲ. ಕಟ್ಟಳೆ ಮಾಡಿದವನು ಅಪ್ಪ, ಈಗ ಕಾಯುವವನು ನಾನು.

ಈ ಸಲ ಬಂದದ್ದು ಹುಣಸೂರು ಕಡೆಯ ಒಂದು ಟ್ರಸ್ಟು. ಮಕ್ಕಳ ರಕ್ತ ಪರೀಕ್ಷೆ ಮಾಡುತ್ತಾರಂತೆ, ಬಿಟ್ಟಿಯಾಗಿ. ಬಿಟ್ಟಿ ಅಂದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ಬಿಸ್ಕತ್ತು ಕೊಟ್ಟು ರಕ್ತ ತಗೊಂಡು ಹೋಗುವವರು ಅದನ್ನು ಎಲ್ಲಿ ಮಾರುತ್ತಾರೋ ಯಾರಿಗೆ ಗೊತ್ತು? ಆದರೂ ಬೇಡ ಅನ್ನಲಾಗಲಿಲ್ಲ. ಆರು ವರ್ಷದ ನನ್ನ ಮಗಳು ಸುಮಿತ್ರಾ ತಿಂಗಳಿಗೊಮ್ಮೆ ಮಂಡಿ ಹಿಡಿದುಕೊಂಡು ನರಳುತ್ತಿದ್ದಳು. ನಮ್ಮ ನಾರುಬೇರಿಗೆ ಅದು ಜಗ್ಗಿರಲಿಲ್ಲ. ಕೇಳಿದರೆ ‘ಮಾದಿ’ ಅನ್ನು ಎಂದು ಅವಳಿಗೆ ಹೇಳಿಕೊಟ್ಟೆ. ಮಾದಿ ಪಕ್ಕದ ಗುಡಿಸಲಿನ ನಮ್ಮಕ್ಕನ ಮಗಳು, ಅದೇ ವಯಸ್ಸು. ಅವಳು ತನ್ನ ಹೆಸರು ಸುಮಿತ್ರಾ ಎಂದು ಹೇಳಿದಳು.

ಹದಿನೈದು ದಿನಕ್ಕೆ ಟ್ರಸ್ಟಿನ ನರ್ಸ್ ಶಾಂತಲಾ ಮತ್ತೆ ಬಂದರು, ಕೈಯಲ್ಲೊಂದು ಚೀಟಿ.

"ಮಾದಿ ಯಾರು? ಅವಳ ರಕ್ತದಲ್ಲಿ ಕಾಯಿಲೆ ಇದೆ. ಇವತ್ತೇ ಮೈಸೂರಿಗೆ ಕರ್ಕೊಂಡು ಹೋಗ್ಬೇಕು. ತಡ ಮಾಡಿದ್ರೆ ಮಗು ಉಳಿಯೋದು ಕಷ್ಟ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸುಮಿತ್ರಾಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡೆ. ಜೀಪು ಹತ್ತಿದ ಮಗು ವಾಪಸ್ ಬರುತ್ತದೆ ಅನ್ನುವುದಕ್ಕೆ ಏನು ಗ್ಯಾರಂಟಿ? ಅಷ್ಟರಲ್ಲಿ ಭಾವ ಮಂಚಯ್ಯ ಎದ್ದ. ಗುಂಡುಕಲ್ಲಿನ ಹಾಗಿದ್ದ ಮಾದಿಯನ್ನು ಎತ್ತಿ ಜೀಪಿನಲ್ಲಿ ಕೂರಿಸಿದ. ನನ್ನ ಕಟ್ಟಳೆ ಮುರಿಯಬಾರದೆಂದು ತನ್ನ ಮಗಳನ್ನೇ ಕಳಿಸಲು ಹೊರಟಿದ್ದ. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಇಳ್ಸು ಭಾವ," ಎಂದೆ. "ಅಮ್ಮಾರೆ, ಅವತ್ತು ಎಸ್ರು ಅದ್ಲುಬದ್ಲು ಯೋಳಿದ್ವಿ. ಕಾಯ್ಲೆ ಇರಾದು ನನ್ ಮಗಳ್ಗೆ."

ಶಾಂತಲಾ ಮಾದಿಯನ್ನು ನೋಡಿದರು, ಸುಮಿತ್ರಾಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಹಾಡಿಗೆ ಬಂದವರನ್ನೆಲ್ಲ ನಾನು ಅಳೆಯುತ್ತಿದ್ದದ್ದು ಹಾಗೆಯೇ.

"ಅವತ್ತು ಸುಳ್ಳು ಹೇಳಿದವರು ಇವತ್ತು ನಿಜ ಹೇಳ್ತಿದ್ದೀರಿ ಅಂತ ಹ್ಯಾಗೆ ನಂಬಲಿ? ನಿಮ್ಮ ಮಾತಿನ ಮೇಲೆ ಔಷಧಿ ಕೊಡೋಕಾಗಲ್ಲ. ಇಬ್ಬರದ್ದೂ ಇನ್ನೊಂದ್ಸಲ ರಕ್ತ ತೆಗೀಬೇಕು. ಮತ್ತೆ ಹದಿನೈದು ದಿನ."

ಹದಿನೈದು ದಿನ. ತಡ ಮಾಡಿದರೆ ಮಗು ಉಳಿಯುವುದು ಕಷ್ಟ ಎಂದವರೂ ಅವರೇ. ಅವರು ಸುಮಿತ್ರಾಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮೆತ್ತಗೆ ಕೇಳಿದರು.

"ನಿನ್ನ ಹೆಸರೇನು ಪುಟ್ಟಿ?"

ಮಗಳು ಯಾವುದನ್ನು ಹೇಳಲಿ ಎಂದು ನನ್ನ ಮುಖ ನೋಡಿದಳು.