ಗಲ್ಲಿಯಲ್ಲಿ ಎದುರುಬದುರು

ತೊಂಬತ್ತೆಂಟರ ಜೂನ್. ಹಿಂದಿನ ತಿಂಗಳಷ್ಟೇ ನಾವೂ ಬಾಂಬು ಸಿಡಿಸಿ, ಪಕ್ಕದವರೂ ಸಿಡಿಸಿ, ಟೀ ಅಂಗಡಿಯಿಂದ ಕಟಿಂಗ್ ಶಾಪಿನವರೆಗೆ ಊರ ತುಂಬ ಯುದ್ಧತಜ್ಞರೇ ಆಗಿಬಿಟ್ಟಿದ್ದರು. ಹೊರಮಾವಿನ ಹಂಸಳಿಗೆ ಮಾತ್ರ ಅದರಿಂದ ಏನಾದರೂ ಗಿಟ್ಟುವ ಆಸೆಯಿತ್ತು. ರೆಸಿಡೆನ್ಸಿ ರಸ್ತೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಮೇಡಂ ಕೆಲಸ ಖಾಲಿಯಿತ್ತು. ಹತ್ತೂವರೆಗೆ ಹುಡುಗರ ಮುಂದೆ ಪಾಠ ಮಾಡಿ ತೋರಿಸಬೇಕು. ವಿಷಯ, ಆಟದ ಸಿದ್ಧಾಂತ (ಗೇಮ್ ಥಿಯರಿ) ಮತ್ತು ಅಣ್ವಸ್ತ್ರ ನೀತಿ. ಇದೂ ಕೈತಪ್ಪಿದರೆ ಸೋದರಮಾವನ ಸಿಮೆಂಟ್ ಅಂಗಡಿಯಲ್ಲಿ ಕೂರಬೇಕೆಂದು ಅಪ್ಪ ಹೇಳಿಯಾಗಿತ್ತು. ಹಂಸಳಿಗೆ ಆ ಅಂಗಡಿ ನೆನೆದರೇ ಸೀನು ಬರುತ್ತಿತ್ತು.

ಫ್ರೇಜರ್ ಟೌನಿನಲ್ಲಿ ಬಸ್ಸಿಳಿದು ಆಟೋ ಹತ್ತಿದಳು. ಡ್ರೈವರ್ ದೊಡ್ಡಮುನಿಯಪ್ಪ ಬೇಗ ತಲುಪಿಸುತ್ತೇನೆಂದು ಶಿವಾಜಿನಗರದ ಒಂದು ಗಲ್ಲಿಗೆ ನುಗ್ಗಿಸಿದ. ಒಂದು ಆಟೋ ಹೋದರೆ ಬೆಕ್ಕಿಗೂ ಜಾಗವಿಲ್ಲದಂಥ ಗಲ್ಲಿ. ನಟ್ಟನಡುವೆ ಎದುರಿಗೆ ಇನ್ನೊಂದು ಆಟೋ! ಅದರ ಡ್ರೈವರ್ ಲತೀಫ್. ಇಬ್ಬರದೂ ಒಂದೇ ಸ್ಟ್ಯಾಂಡು.

"ಹಿಂದಕ್ಕೆ ತಗೊಳ್ಳೋ ಲತೀಫ!"

"ನೀನ್ ತಗೋ ಗುರು. ನಾನ್ ಮೊದ್ಲು ಬಂದಿದ್ದು."

ಹಂಸಳ ಬ್ಯಾಗಿನಲ್ಲಿದ್ದ ಪಾಠವೂ ಇದೇ. ಎರಡು ಗಾಡಿ ಎದುರುಬದುರು ನುಗ್ಗಿ ಬರುತ್ತವೆ. ಸರಿದವನು ಪುಕ್ಕಲ; ಇಬ್ಬರೂ ಸರಿಯದಿದ್ದರೆ ಇಬ್ಬರೂ ಸತ್ತರು. ಬಾಂಬಿಟ್ಟುಕೊಂಡ ದೇಶಗಳ ಹಟವನ್ನು ಪಂಡಿತರು ವಿವರಿಸುವುದು ಹೀಗೇ.

"ಅಣ್ಣಾ, ನೀವೇ ಸ್ವಲ್ಪ ಹಿಂದಕ್ಕೆ ತಗೊಂಡ್ರೆ ಇಬ್ರಿಗೂ ಟೈಮ್ ಉಳಿಯುತ್ತಲ್ವಾ?" ಎಂದಳು.

"ಟೈಮ್ ಉಳಿಯುತ್ತೆ ಮೇಡಂ, ಮರ್ಯಾದೆ ಉಳಿಯುತ್ತಾ? ನಾಳೆ ಸ್ಟ್ಯಾಂಡಲ್ಲಿ ಎಲ್ರೂ ನನ್ನ ನೋಡಿ ರಿವರ್ಸ್ ಮುನಿಯಪ್ಪ ಅಂತಾರೆ!"

ಅಷ್ಟರಲ್ಲಿ ಲತೀಫ್ ಗಾಡಿ ಲಾಕ್ ಮಾಡಿ, ಬೀಗದಕೈಯನ್ನು ಪಕ್ಕದ ಟೀ ಅಂಗಡಿಯ ಅಕ್ತರ್ ಕೈಗಿತ್ತ. "ಭಾಯ್, ನಾನೇ ಕೇಳಿದ್ರೂ ಕೊಡ್ಬೇಡಿ."

ಹಂಸ ಚಪ್ಪಾಳೆ ತಟ್ಟುವುದೊಂದು ಬಾಕಿ. ಗೆಲ್ಲಬೇಕೆಂದರೆ ಎದುರಿನವನ ಕಣ್ಣಿಗೆ ಬೀಳುವಂತೆ ಸ್ಟೀರಿಂಗನ್ನೇ ಕಿತ್ತೆಸೆಯಬೇಕು ಎನ್ನುತ್ತದೆ ಸಿದ್ಧಾಂತ. ಆಗ ಎದುರಿನವನು ಸರಿಯಲೇಬೇಕು. ದೊಡ್ಡಮುನಿಯಪ್ಪ ಸಿದ್ಧಾಂತ ಓದಿರಲಿಲ್ಲ. ತಾನೂ ಇಳಿದು ಹೋಗಿ, ತನ್ನ ಬೀಗದಕೈಯನ್ನೂ ಅಕ್ತರ್‌ಗೇ ಕೊಟ್ಟು, ಒಂದು ಟೀ ಹೇಳಿದ.

ಹಂಸಳಿಗೆ ಅಳು ಬಂತು. ಎಂಥ ಮೂರ್ಖರಪ್ಪಾ! ಆದರೆ ರಷ್ಯಾ, ಅಮೆರಿಕ ಇವರಿಗಿಂತ ಜಾಣರಾಗಿದ್ದವೇ? ಅರವತ್ತೆರಡರಲ್ಲಿ ರಷ್ಯಾ ಕ್ಯೂಬಾದಿಂದ ಕ್ಷಿಪಣಿ ತೆಗೆದದ್ದನ್ನು ಜಗತ್ತೆಲ್ಲ ನೋಡಿತು. ಅಮೆರಿಕ ಟರ್ಕಿಯಿಂದ ತನ್ನವನ್ನು ತೆಗೆಯಲು ಒಳಗೊಳಗೇ ಒಪ್ಪಿತ್ತು. ಹಿಂದೆ ಸರಿಯುವವನಿಗೆ ಮರ್ಯಾದೆ ಉಳಿಯುವ ದಾರಿಯೊಂದು ಬೇಕು. ಇಲ್ಲಿ ಆ ದಾರಿ ಎಲ್ಲಿದೆ?

ಲತೀಫನ ಆಟೋದಲ್ಲಿ ಬುರ್ಖಾ ತೊಟ್ಟ ಹಿರಿಯ ಹೆಂಗಸೊಬ್ಬರು, ಉಮ್ಮೆ ಕುಲ್ಸುಂ, ಮಡಿಲಲ್ಲಿ ಫಿರ್ನಿಯ ಪಾತ್ರೆ ಇಟ್ಟುಕೊಂಡು ಗೊಣಗುತ್ತಿದ್ದರು. ಹಂಸ ಇಳಿದು ಅವರ ಬಳಿ ಓಡಿದಳು.

"ಅಮ್ಮಾ, ನೀವೆಲ್ಲಿಗೆ ಹೋಗ್ಬೇಕು?"

"ಫ್ರೇಜರ್ ಟೌನ್, ಬೇಟಿ. ಮಗಳ ಮನೆಗೆ."

"ನಾನು ಅಲ್ಲಿಂದ್ಲೇ ಬಂದೆ. ನೀವು ನನ್ನ ಆಟೋ ಹತ್ತಿ, ನಾನು ನಿಮ್ಮ ಆಟೋ ಹತ್ತೀನಿ."

ಉಮ್ಮೆ ಕುಲ್ಸುಂ ಒಂದು ಗಳಿಗೆ ಯೋಚಿಸಿ, ಪಾತ್ರೆ ಅವಳ ಕೈಗಿತ್ತು ಇಳಿದೇಬಿಟ್ಟರು. ಮೀಟರುಗಳು ಹೊಸದಾಗಿ ಬಿದ್ದವು. ಈಗ ಹಿಂದಕ್ಕೆ ಹೋಗುವುದು ಸೋಲಲ್ಲ, ಹೊಸ ಸವಾರಿ! ಅಕ್ತರ್ ನಗುತ್ತ ಎರಡೂ ಬೀಗದಕೈ ಕೊಟ್ಟ. ಇಬ್ಬರೂ ಎದೆಯುಬ್ಬಿಸಿಕೊಂಡು, ಒಬ್ಬರನ್ನೊಬ್ಬರು ನೋಡದೆ, ಗಾಡಿ ರಿವರ್ಸ್ ತೆಗೆದರು.

ಹಂಸ ತಲುಪಿದಾಗ ಹೊತ್ತು ಮೀರಿತ್ತು. ಪ್ರಿನ್ಸಿಪಾಲ್ ಸುಭದ್ರಮ್ಮ ಮುಖ ಗಂಟಿಕ್ಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಹಂಸ ಬರೆದು ತಂದಿದ್ದನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ಗಲ್ಲಿಯ ಕಥೆಯನ್ನೇ ಪಾಠ ಮಾಡಿದಳು. ಹುಡುಗರು ಬೆಂಚು ಬಡಿದು ನಕ್ಕರು.

ಸುಭದ್ರಮ್ಮ ನಗಲಿಲ್ಲ. "ಎಲ್ಲ ಸರಿಯಮ್ಮ. ಬಾಂಬಿನ ಆಟದಲ್ಲಿ ಪ್ಯಾಸೆಂಜರ್ ಯಾರು?"

"ನಾವೇ ಮೇಡಂ," ಎಂದಳು ಹಂಸ. "ಇಳಿದು ಎದುರಿನ ಗಾಡೀಲಿ ಯಾರಿದ್ದಾರೆ ಅಂತ ನೋಡೋದೇ ಇಲ್ಲ. ಒಳಗೇ ಕೂತ್ಕೊಂಡು, ಬಿಡಬೇಡ ಗುರು, ನುಗ್ಸು ಅಂತೀವಿ."

ಪೇಪರಿನಲ್ಲಿ ಬಾಂಬಿನ ಸುದ್ದಿ ಬಂದ ದಿನ ಸ್ಟಾಫ್ ರೂಮಿಗೆಲ್ಲ ಪೇಡಾ ಹಂಚಿದ್ದ ಸುಭದ್ರಮ್ಮ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ ಕೇಳಿದರು, "ಸೋಮವಾರದಿಂದ ಬರೋಕಾಗುತ್ತೇನಮ್ಮ?"