ಊಂ ಅಂದದ್ದು

"ಬುಡವ್ವ, ಬೆರ್ಳು ಮುರ್ದೋದಾತು," ಎಂದ ಮಾವ ಮಹದೇವಯ್ಯ.

ಪದ್ಮಿನಿ ಬಿಡಲಿಲ್ಲ. ಸತ್ತ ಅತ್ತೆ ರಾಚಮ್ಮನ ಮಡಚಿಕೊಂಡ ಬಲಗೈ ಬೆರಳುಗಳನ್ನು ಬಿಡಿಸಿ ಅರಿಶಿನ ಹಚ್ಚಿದಳು. ಮಾವ ಮುಖ ತಿರುಗಿಸಿಕೊಂಡ.

ಕಾಮಗೆರೆ ಪಕ್ಕದ ಆ ಹಳ್ಳಿಯಲ್ಲಿ, ಸೋಮವಾರ ರಾಚಮ್ಮನ ಮೈಮೇಲೆ ಮಾದಪ್ಪ ಬಂದಾಗ "ಅಪ್ಪಾ" ಎಂದು ಕಾಲಿಗೆ ಬೀಳುತ್ತಿದ್ದವರೇ ಮಾರನೆಯ ದಿನ "ಲೇ ರಾಚಿ" ಎಂದು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಕರೆಯುತ್ತಿದ್ದರು. ಅವಳಿಗೆ ಬೇಜಾರಿರಲಿಲ್ಲ. ಎರಡಕ್ಕೂ ಎದ್ದು ಹೋಗುತ್ತಿದ್ದಳು.

ನೆರೆಮನೆಯ ದೊಡ್ಡತಾಯಮ್ಮ ಪದ್ಮಿನಿಯ ಬೆನ್ನು ಸವರಿದಳು. "ಅಳಬ್ಯಾಡ ಕಣವ್ವ. ಓಗಾಗ್ಲೂ ನಿಂಗ ಕೂಸು ಕೊಟ್ಟೋದ್ಲು. ಊಂ ಅಂದದ್ದ ನಾನೇ ಕೇಳ್ದಿ."

"ಅದು ದೇವ್ರಲ್ಲ, ಪಿಟ್ಸು."

"ಥೂ, ಬುಡ್ತು ಅನ್ನು!"

ಬಿಡ್ತು ಎನ್ನಲು ಪದ್ಮಿನಿಗೂ ಆಸೆಯೇ. ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬಿರಲಿಲ್ಲ. ದೇವರಾದರೆ ಕೂಸು. ಪಿಟ್ಸಾದರೆ ಕೂಸೂ ಇಲ್ಲ, ಅತ್ತೆಯನ್ನು ಸಾಯಬಿಟ್ಟ ಪಾಪವೂ ತಪ್ಪಿದ್ದಲ್ಲ.

*

ಆ ಸೋಮವಾರ ಪೂಜೆ ಮುಗಿಯುವ ಮೊದಲೇ ರಾಚಮ್ಮನ ಬಲಗೈ ಅದುರಿತು. ಬಾಯಿ ಸೊಟ್ಟಗಾಯಿತು, ಮೈಯೆಲ್ಲ ಎಳೆದಾಡಿತು. ಅಪ್ಪ ಇವತ್ತು ಬೇಗ ಬಂದ ಎಂದುಕೊಂಡು ಸಾಂಬ್ರಾಣಿ ಹಾಕಿದರು. ಪದ್ಮಿನಿಯೇ ಎಲ್ಲರಿಗಿಂತ ಮುಂದೆ ನುಗ್ಗಿದಳು.

"ಅಪ್ಪಾ, ನನ್ನೊಟ್ಟೇಲಿ ಒಂದು ಕೂಸು ನಿಂತದಾ?"

ರಾಚಮ್ಮನ ಗಂಟಲಲ್ಲಿ ಗೊರಗೊರ ಸದ್ದಾಯಿತು.

"ಊಂ ಅಂತು!" ದೊಡ್ಡತಾಯಮ್ಮ ಕೂಗಿದಳು.

ಪದ್ಮಿನಿ ಖುಷಿಯಲ್ಲಿ ಕಾಯಿ ಒಡೆದಳು. ಕಾಯಿಚೂರು ಹಂಚಿ ಮುಗಿದರೂ ಅತ್ತೆ ಏಳಲಿಲ್ಲ. ಆಮೇಲೆ ನೋಡಿದರೆ ಸೀರೆ ಉಚ್ಚೆಯಲ್ಲಿ ಒದ್ದೆಯಾಗಿತ್ತು.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಡಾಕ್ಟರು, "ಬಲಗೈ ಎತ್ತಮ್ಮ, ಎತ್ತು," ಎಂದು ಕೂಗಿದರು. ತಾವೇ ಎತ್ತಿ ಬಿಟ್ಟರು. ಕೈ ದೊಪ್ಪನೆ ಬಿತ್ತು.

"ಮಿದುಳಲ್ಲಿ ರಕ್ತ ಸೋರಿದೆ. ಶುರುವಲ್ಲೇ ಫಿಟ್ಸ್ ಬಂದಿದೆ."

"ಬೇಗ ತಂದಿದ್ರ ಉಳೀತಿದ್ರಾ ಸಾ?" ಪದ್ಮಿನಿ ಕೇಳಿದಳು.

"ಫಿಟ್ಸ್ ಬಂತು ಅಂತಲೇ ಯಾರೂ ಸಾಯಲ್ಲಮ್ಮ. ಎಷ್ಟು ಸೋರಿದೆ ಅನ್ನೋದೇ ಮುಖ್ಯ. ಇವರಿಗೆ ತುಂಬಾ ಸೋರಿದೆ. ಬೇಗ ಬಂದಿದ್ದರೆ..." ಅವರು ಕನ್ನಡಕ ತೆಗೆದರು. "ಹೇಳೋಕಾಗಲ್ಲ."

*

ಗುಂಡಿಗೆ ಇಳಿಸುವ ಹೊತ್ತಿಗೆ, ಮಾರ್ಟಳ್ಳಿಯಿಂದ ಬಂದಿದ್ದ ರಾಚಮ್ಮನ ತಂಗಿ ರಾಮಮ್ಮ ಕಿರುಚಿ ನೆಲಕ್ಕೆ ಬಿದ್ದಳು. ಮೈ ಗಡಗಡ ನಡುಗುತ್ತಿತ್ತು. ಎಂದೂ ದೇವರು ಬಂದವಳಲ್ಲ ಅವಳು.

"ಅಕ್ಕನ ಬುಟ್ಟು ತಂಗಿ ಮ್ಯಾಲ ಬಂದ! ಉಘೇ ಮಾದಪ್ಪ!" ಜನ ಕೈಮುಗಿದರು. ದೊಡ್ಡತಾಯಮ್ಮ ಪದ್ಮಿನಿಯನ್ನು ಮುಂದಕ್ಕೆ ತಳ್ಳಿದಳು. "ಕೇಳವ್ವ, ಇನ್ನೊಂದ್ಸಲ ಕೇಳ್ಕ."

ಪದ್ಮಿನಿ ಓಡಿಹೋಗಿ ರಾಮಮ್ಮನನ್ನು ಪಕ್ಕಕ್ಕೆ ಹೊರಳಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಆಟೋ ತನ್ರೋ!" ಎಂದು ಅರಚಿದಳು. ಯಾರೂ ಕದಲಲಿಲ್ಲ.

"ಚಿಕ್ಕತ್ತೆ, ಬಲಗೈ ಎತ್ತು. ಎತ್ತು ಚಿಕ್ಕತ್ತೆ!"

ನಡುಗುತ್ತಲೇ ಆ ಕೈ ಮೇಲೆದ್ದು ಪದ್ಮಿನಿಯ ನೆತ್ತಿಯ ಮೇಲೆ ನಿಂತಿತು.

"ವರ ಕೊಟ್ಟ, ಅಪ್ಪ ವರ ಕೊಟ್ಟ!" ಜನ ನೆಲಕ್ಕೆ ಬಗ್ಗಿದರು.

ಪದ್ಮಿನಿ ಕೈಮುಗಿಯಲಿಲ್ಲ. ಆ ಮಣಿಕಟ್ಟಿನ ಕೆಳಗೆ ತನ್ನೆರಡೂ ಅಂಗೈ ಚಾಚಿಕೊಂಡು, ಕೈ ಈಗ ಬೀಳುತ್ತದೋ ಆಗ ಬೀಳುತ್ತದೋ ಎಂದು ನೋಡುತ್ತ ಕೂತಳು.